ಎಡ ತಿರುವು, ಬಲ ಕಿವಿ

ಗುರುವಾರ ಮಧ್ಯಾಹ್ನ, ಬೇಕರಿಯವನ ಮಗಳ ಅರ್ಧ ತಲೆ ಮುಗಿದಿದ್ದಾಗ, ಗೇಮ್ ಪೆಟ್ಟಿಗೆ ಕೆಮ್ಮಿತು. ಒಮ್ಮೆ ಕೆಮ್ಮಿ, ಗೊರಗೊರ ಎಂದು, ಸುಟ್ಟ ವಾಸನೆಯೊಂದನ್ನು ಬಿಟ್ಟು ಸುಮ್ಮನಾಯಿತು. ಟೀವಿ ಕಪ್ಪಾಯಿತು. ಸೇತುವೆಯ ಮೇಲೆ ಮೂರನೇ ಸ್ಥಾನದಲ್ಲಿ ಕಾರು ಓಡಿಸುತ್ತಿದ್ದ ಹುಡುಗಿ ಕಂಟ್ರೋಲರನ್ನು ಮೊಣಕಾಲಿಗೆ ಎರಡು ಸಲ ಕುಟ್ಟಿ ನೋಡಿ, ತಾನೇನೂ ಮಾಡಿಲ್ಲವೆಂದು ಎರಡೂ ಕೈ ಎತ್ತಿದಳು.

ಅವಳ ಹಿಂದೆ ನಿಂತಿದ್ದ ಕತ್ತರಿ ಅಕ್ಕನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಸಲೂನು ಅಕ್ಕ-ತಂಗಿಯರದು. ಮುಂಭಾಗದಲ್ಲಿ ದೊಡ್ಡ ಕನ್ನಡಿ, ಎರಡು ಕುರ್ಚಿ, ದೊಡ್ಡವರ ತಲೆಗಳು: ಅದು ತಂಗಿಯ ರಾಜ್ಯ. ಹಿಂದೆ, ಕಿಟಕಿಯ ಪಕ್ಕ, ಎರಡು ಕೈಗಳ ಮೇಲೆ ಅಡ್ಡಹಲಗೆ ಇಟ್ಟ ಒಂದೇ ಒಂದು ಕುರ್ಚಿ: ಅದು ಅಕ್ಕನದು. ಅದರ ಎದುರು ಕನ್ನಡಿಯ ಬದಲು ಟೀವಿ. ಟೀವಿಯ ಕೆಳಗೆ, ನೆಲಕ್ಕೆ ತಾಗಿದ ಗೂಡಿನಲ್ಲಿ, ಗೇಮ್ ಪೆಟ್ಟಿಗೆ. ಎರಡರ ನಡುವಿನ ಕೌಂಟರಿನಲ್ಲಿ ಅಮ್ಮ ಕೂತು, ಟವೆಲು ಮಡಚುತ್ತ, ಎರಡೂ ರಾಜ್ಯಗಳ ಮೇಲೆ ಕಣ್ಣಿಟ್ಟಿರುತ್ತಾಳೆ.

ಪೆಟ್ಟಿಗೆ ಬರುವ ಮೊದಲು ಹಿಂದಿನ ಕುರ್ಚಿಯಲ್ಲಿ ನಡೆಯುತ್ತಿದ್ದದ್ದು ಕ್ಷೌರವಲ್ಲ, ಕುಸ್ತಿ. ಅಮ್ಮ ಕಾಲು ಹಿಡಿಯಬೇಕು, ತಂಗಿ ತಲೆ ಹಿಡಿಯಬೇಕು, ಹೆತ್ತವರು ಕಿಟಕಿಯಾಚೆ ನಿಂತು ಕೋತಿಗಳಂತೆ ಕುಣಿಯಬೇಕು. ಅಕ್ಕನ ಎಡ ಹೆಬ್ಬೆರಳಿನಲ್ಲಿ ಇವತ್ತಿಗೂ ನಾಲ್ಕು ಪುಟ್ಟ ಹಲ್ಲುಗಳ ಗುರುತಿದೆ. ಆ ಹಲ್ಲುಗಳ ಒಡೆಯ ಈಗ ಕಾಲೇಜಿಗೆ ಹೋಗುತ್ತಾನೆ. ಎದುರು ಸಿಕ್ಕರೆ ಬಾಯಿ ಮುಚ್ಚಿಕೊಂಡು ನಗುತ್ತಾನೆ. ಹನ್ನೊಂದು ವರ್ಷದ ಹಿಂದೆ, ಮೇಲಿನ ಮನೆ ಖಾಲಿ ಮಾಡಿದವರು ಬಿಟ್ಟುಹೋದ ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿದ ದಿನ ಕುಸ್ತಿ ನಿಂತಿತು. ಪೆಟ್ಟಿಗೆಯೊಳಗೆ ಒಂದೇ ಡಿಸ್ಕು, ಡಿಸ್ಕಿನಲ್ಲಿ ಒಂದೇ ಆಟ: ಬೆಟ್ಟದ ದಾರಿಯಲ್ಲಿ ಕಾರುಗಳ ಪಂದ್ಯ.

ಆ ಬೆಟ್ಟದ ದಾರಿಯೇ ಅಕ್ಕನ ಕಸುಬಾಗಿಬಿಟ್ಟಿತು. ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಅರ್ಧ ಮಾತ್ರ ಗೊತ್ತಿತ್ತು. ಪಂದ್ಯ ಶುರುವಾದ ಕೂಡಲೇ ದಾರಿ ಎಡಕ್ಕೆ ಹೊರಳುತ್ತದೆ. ಕೈಯಲ್ಲಿರುವುದು ಬರೀ ಗುಂಡಿಗಳಾದರೂ ಮಗು ಮೈಯನ್ನೆಲ್ಲ ಎಡಕ್ಕೆ ವಾಲಿಸುತ್ತದೆ. ಬಲ ಕಿವಿ ತಾನಾಗಿ ಮೇಲೆ ಬರುತ್ತದೆ. ಕತ್ತರಿ ಅಲ್ಲಿ ಕಾದಿರುತ್ತದೆ. ಆಮೇಲೆ ಬಲ ತಿರುವು, ಎಡ ಕಿವಿ. ಆಮೇಲೆ ಹಲಗೆಯ ಸೇತುವೆ: ಅಲ್ಲಿ ಯಾವ ಮಗುವೂ ಉಸಿರಾಡುವುದಿಲ್ಲ, ಮುಂಗೂದಲನ್ನು ದಾರ ಹಿಡಿದು ಗೆರೆ ಎಳೆದಂತೆ ಕತ್ತರಿಸಬಹುದು. ಆಮೇಲೆ ಸುರಂಗ. ಸುರಂಗ ಬಂತೆಂದರೆ ಎಂಥ ಪೋಕರಿಯೂ ಗದ್ದವನ್ನು ಎದೆಗೆ ಒತ್ತಿಕೊಂಡು ಕುಗ್ಗುತ್ತಾನೆ, ಸುರಂಗದ ಚಾವಣಿ ತನ್ನ ತಲೆಗೇ ತಾಗುತ್ತದೆಯೋ ಎಂಬಂತೆ. ಕತ್ತಿನ ಹಿಂಭಾಗ ಬಿಳಿ ಹಾಳೆಯಂತೆ ತೆರೆದುಕೊಳ್ಳುತ್ತದೆ. ಕೊನೆಗೆ ಗುರಿಯ ಗೆರೆ: ಎಲ್ಲರೂ ಕುರ್ಚಿಯಿಂದ ಚಿಮ್ಮುತ್ತಾರೆ, ಅಷ್ಟರೊಳಗೆ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಿರುತ್ತಾಳೆ. ಮೂರು ಸುತ್ತಿಗೆ ಒಂದು ತಲೆ. ಟೀವಿಯ ಕಡೆಗೆ ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಎಲ್ಲವೂ ಕಿವಿಯಲ್ಲೇ ನಡೆಯುತ್ತಿತ್ತು.

ಈಗ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಬೇಕರಿಯವನ ಮಗಳು ಗೊಂಬೆಯಂತೆ ನೆಟ್ಟಗೆ ಕೂತಿದ್ದಳು. ಇಷ್ಟು ಅಲುಗಾಡದ ತಲೆ ಸಿಕ್ಕರೆ ಯಾವ ಕ್ಷೌರದವರಾದರೂ ಕೈ ಮುಗಿಯುತ್ತಾರೆ. ಅಕ್ಕನ ಕೈ ಮಾತ್ರ ಏಳಲೊಲ್ಲದು. ಎಲ್ಲಿಂದ ಶುರು ಮಾಡುವುದು? ಸೇತುವೆ ದಾಟಿಯಾಯಿತೋ ಇಲ್ಲವೋ? ಕಣ್ಣಿಗೆ ಕೂದಲು ಬಿತ್ತೆಂದು ಸುಳ್ಳು ಹೇಳಿ ತಂಗಿಯನ್ನು ಕರೆದಳು. ತಂಗಿ ಬಾಯ್ತುಂಬ ಮಾತಾಡುತ್ತ, ಹತ್ತೇ ನಿಮಿಷದಲ್ಲಿ ಉಳಿದರ್ಧ ಮುಗಿಸಿಬಿಟ್ಟಳು. ಕೆಲಸ ಚೆನ್ನಾಗಿಯೇ ಇತ್ತು. ಅಕ್ಕನಿಗೆ ನಾಟಿದ್ದು ಅದೇ.

ಭಾನುವಾರ ಹದಿನೇಳು ಮಕ್ಕಳು ಬರುವವರಿದ್ದರು. ಸೋಮವಾರ ಶಾಲೆಯಲ್ಲಿ ಗ್ರೂಪ್ ಫೋಟೋ. ಹದಿನೇಳು ತಲೆ, ಐವತ್ತೊಂದು ಸುತ್ತು. ಆಚೆ ತಂಗಿಗೆ ಆ ಕಿಟಕಿಯ ಮೂಲೆಯ ಮೇಲೆ ಎಂದಿನಿಂದಲೋ ಕಣ್ಣಿತ್ತು. ಅಲ್ಲೊಂದು ತಲೆ ತೊಳೆಯುವ ಬೇಸಿನ್ ಹಾಕಿದರೆ ಎಷ್ಟು ಚೆಂದ ಎಂದು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ದಿನ ಅಕ್ಕನಿಗೆ ಬೇಸಿನ್ನು ಕಣ್ಣ ಮುಂದೆಯೇ ಕಂಡಿತು. ಹನ್ನೊಂದು ವರ್ಷದಿಂದ ಆ ಪೆಟ್ಟಿಗೆಯಿಲ್ಲದೆ ಅವಳು ಒಂದು ಮಗುವಿನ ತಲೆಯನ್ನೂ ಮುಟ್ಟಿರಲಿಲ್ಲ. ಕೆಲಸ ಬರುತ್ತಿದ್ದದ್ದು ತನಗೋ, ಪೆಟ್ಟಿಗೆಗೋ?

ಸಂಜೆ ಶಟರು ಎಳೆಯುವ ಮೊದಲು ಮೂವರೂ ಪೆಟ್ಟಿಗೆಯ ಸುತ್ತ ಕುಕ್ಕರುಗಾಲಿನಲ್ಲಿ ಕೂತರು. ಅಮ್ಮ ಅದರ ಬೆನ್ನಿಗೆ ಎರಡು ತಟ್ಟಿದಳು. ಮಕ್ಕಳಿಗೆ ತೇಗು ಬರಿಸುವ ಹಾಗೆ, ಮೆತ್ತಗೆ. ಆಮೇಲೆ ಸ್ವಲ್ಪ ಜೋರಾಗಿ. ತಂಗಿ, ಇದರ ಕಾಲ ಮುಗಿಯಿತು, ಈಗೆಲ್ಲ ಅಂಗೈಯಗಲದ ಪೆಟ್ಟಿಗೆ ಬಂದಿವೆ, ಹೊಸದು ತರೋಣ ಎಂದಳು. ಅಮ್ಮ, ಹಳೆಯದನ್ನು ಮಾಡಿಸಿದರೆ ಆಯಿತು, ಹಳೆಯದಾಯಿತೆಂದು ಬಿಸಾಡುವ ಮನೆಯಲ್ಲಿ ತಾನೂ ಉಳಿಯುವ ಭರವಸೆಯಿಲ್ಲ ಎಂದಳು. ಅಕ್ಕನಿಗೆ ಒಂದೇ ಚಿಂತೆ: ರಿಪೇರಿಗೆ ಕೊಟ್ಟರೆ ಭಾನುವಾರದೊಳಗೆ ಬರಬೇಕಲ್ಲ.

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಎದುರು ಸಾಲಿನ ರಿಪೇರಿ ಅಂಗಡಿಗೆ ಹೋದರು. ಆ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ‘ಹೊಸದುತಗೋ’. ಬೀದಿಯಲ್ಲಿ ಅವನಷ್ಟು ಕೈಚಳಕದ ಮನುಷ್ಯ ಇನ್ನೊಬ್ಬನಿರಲಿಲ್ಲ. ಆದರೆ ಏನನ್ನೇ ತೆಗೆದುಕೊಂಡು ಹೋಗಿ, ಅವನ ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ ಮಾತು. ಹಿಂದೊಮ್ಮೆ ಯಾರದೋ ಫ್ಯಾನು ಸರಿಮಾಡಿಕೊಟ್ಟಿದ್ದನಂತೆ. ಅವತ್ತಿನಿಂದ ಆ ಮನೆಯ ಫ್ರಿಜ್ಜು ಕೆಟ್ಟರೂ, ನಲ್ಲಿ ಸೋರಿದರೂ, ನೀನು ಬಂದುಹೋದ ಮೇಲೇ ಹೀಗಾಯಿತು ಎಂದು ಇವನನ್ನೇ ಕೇಳುತ್ತಿದ್ದರಂತೆ.

ಈ ಸಲವೂ ಅವನು ಟವೆಲು ಬಿಚ್ಚುವ ಮೊದಲೇ, "ಹೊಸದು ತಗೊಳ್ಳಿ" ಅಂದ.

"ನೀವು ಮೊದಲು ತೆಗೆದು ನೋಡ್ರೀ," ಅಂದಳು ಅಕ್ಕ. "ಒಳಗೇನಿದೆ ಅಂತಾದ್ರೂ ಗೊತ್ತಾಗ್ಲಿ."

ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದವನು ಹಾಗೇ ಹಿಂದೆ ಸರಿದ. ಪೆಟ್ಟಿಗೆಯೊಳಗೆ ಏನೋ ಮಲಗಿತ್ತು. ದುಂಡಗೆ, ಕಂದು ಬಣ್ಣದಲ್ಲಿ, ಬೆಕ್ಕಿನ ಮರಿಯಷ್ಟು ದಪ್ಪವಾಗಿ. ಸ್ವಲ್ಪ ಹೊತ್ತು ಯಾರೂ ಮುಟ್ಟಲಿಲ್ಲ. ಆಮೇಲೆ ಅವನು ಚಿಮಟದಿಂದ ತಿವಿದು ನೋಡಿ, "ಜೀವ ಇಲ್ಲ" ಅಂದ. ಅದು ಕೂದಲು. ಹನ್ನೊಂದು ವರ್ಷ ಆ ಕುರ್ಚಿಯಿಂದ ನೆಲಕ್ಕೆ ಉದುರಿ, ಪೊರಕೆಗೆ ಸಿಗದೆ, ಪೆಟ್ಟಿಗೆಯ ಫ್ಯಾನು ಒಳಗೆಳೆದುಕೊಂಡ ಬೀದಿಯ ಅಷ್ಟೂ ಮಕ್ಕಳ ಕೂದಲು. ಚಿಮಟ ಹಾಕಿ ಎಳೆದರೆ ಕಂಬಳಿಯಂತೆ ಪದರ ಪದರವಾಗಿ ಎದ್ದುಬಂತು. ಮೇಲಿನ ಪದರ ಮೊನ್ನೆ ಮೊನ್ನೆಯದು. ಕೆಳಕೆಳಗೆ ಹೋದಂತೆ ಕೂದಲು ನವುರಾಗುತ್ತ ಹೋಯಿತು, ಬಣ್ಣ ತಿಳಿಯಾಗುತ್ತ ಹೋಯಿತು. ತಳದಲ್ಲಿ ಒಂದು ಪುಟ್ಟ ಸುರುಳಿ, ಗಾಳಿ ಊದಿದರೆ ಹಾರುವಂಥದು. ಅದು ಯಾರದೆಂದು ಅಕ್ಕನಿಗೆ ಗೊತ್ತಾಯಿತು. ಆ ಹುಡುಗನಿಗೆ ಈಗ ಮೀಸೆ ಚಿಗುರಿದೆ.

ಮೊದಲು ಕಿಸಕ್ಕೆಂದವಳು ತಂಗಿ. ಆಮೇಲೆ ಹೊಸದುತಗೋ. ಆಮೇಲೆ ಅಮ್ಮ ಟವೆಲು ಬಾಯಿಗೆ ಒತ್ತಿಕೊಂಡಳು. ಅದರಿಂದ ಒಂದು ಟೋಪಿ ಹೆಣೆಯಬಹುದೆಂದು ತಂಗಿ ಹೇಳಿದ್ದೇ ನೆಪ, ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾರ್ಜರು ಕೊಳ್ಳಲು ಬಂದವನೊಬ್ಬ ಬಾಗಿಲಲ್ಲೇ ನಿಂತು ನೋಡಿ, ಇಲ್ಲಿ ಏನೋ ನಡೆಯುತ್ತಿದೆಯೆಂದು ವಾಪಸು ಹೋದ.

ಕೂದಲು ತೆಗೆದ ಮೇಲೂ ಪೆಟ್ಟಿಗೆ ಏಳಲಿಲ್ಲ. ಫ್ಯಾನು ತಿರುಗದೆ ಒಳಗಿನದೇನೋ ಸುಟ್ಟಿತ್ತು. ಹಳೆಯ ಮಾಡೆಲು, ಆ ಭಾಗ ಎಲ್ಲಾದರೂ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ, ಸಿಕ್ಕರೂ ವಾರವಾಗಬಹುದು, ಹೊಸದರಷ್ಟೇ ಖರ್ಚೂ ಬೀಳಬಹುದು. ಇಷ್ಟೆಲ್ಲ ಹೇಳಿ ಅವನು ಅಭ್ಯಾಸಬಲದಿಂದ ಬಾಯಿ ತೆರೆದ. ಅಕ್ಕ ಕೈ ಎತ್ತಿ ತಡೆದಳು. ಹುಡುಕಿ ನೋಡಿ, ಸಿಕ್ಕರೆ ಫೋನು ಮಾಡಿ ಎಂದು ಹೇಳಿ ಬಂದಳು.

ಶನಿವಾರ ತಂಗಿ ಹೊಸ ಪೆಟ್ಟಿಗೆಯನ್ನೇ ಹೊತ್ತು ತಂದಳು. ಅಂಗಡಿಯವರು ನೋಡುವುದಕ್ಕೆಂದು ಕೊಟ್ಟಿದ್ದರು. ಬೇಡವಾದರೆ ಸೋಮವಾರ ಹಿಂದಿರುಗಿಸಬಹುದು. ತಂಗಿ ಪಾಪ ಊರೆಲ್ಲ ಹುಡುಕಿ ಅದೇ ಆಟದ ಹೊಸ ಆವೃತ್ತಿಯನ್ನೂ ಹಿಡಿದು ತಂದಿದ್ದಳು. ಅದೇ ಬೆಟ್ಟ, ಅದೇ ಕಾರು. ಹೊರಡುವ ಸದ್ದೂ ಅದೇ: ಟುಂಯ್, ಟುಂಯ್, ಟೂಂ. ಆ ಸದ್ದು ಕೇಳಿ ಅಕ್ಕನಿಗೆ ಜೀವ ಬಂದಂತಾಯಿತು. ಡ್ರೈವಿಂಗ್ ಸ್ಕೂಲು ನಡೆಸುವವನ ಮಗ ಕುರ್ಚಿಯಲ್ಲಿದ್ದ. ಅಕ್ಕ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬಲ ಕಿವಿಯ ಮೇಲೆ ಕತ್ತರಿ ಹಿಡಿದು ಕಾದಳು.

ಹೊಸ ಆವೃತ್ತಿ ಮಾಡಿದ ಪುಣ್ಯಾತ್ಮರು ದಾರಿಯನ್ನು ತಿರುಗಿಸಿ ಹಾಕಿದ್ದರು. ಮೊದಲ ತಿರುವು ಬಲಕ್ಕೆ. ಹುಡುಗ ಜೀವ ಕೊಟ್ಟು ಬಲಕ್ಕೆ ವಾಲಿದ, ಕತ್ತರಿ ಇದ್ದಲ್ಲಿಗೇ ತಲೆ ತಂದುಕೊಟ್ಟ. ಕಚಕ್.

ಕಿವಿಗೆ ಏನೂ ಆಗಲಿಲ್ಲ. ಕಿವಿಯ ಮೇಲೆ ಮಾತ್ರ ಕೋಟಿನ ಗುಂಡಿಯಗಲದ ಒಂದು ಬಯಲು. ಹುಡುಗ ಎರಡನೇ ಸ್ಥಾನದಲ್ಲಿದ್ದದ್ದರಿಂದ ಅವನಿಗೆ ಅದರ ಪರಿವೆಯೇ ಇರಲಿಲ್ಲ. ಅಕ್ಕನ ಕೈಯಿಂದ ಕತ್ತರಿ ಇಸಿದುಕೊಂಡ ತಂಗಿ ಸುತ್ತಲಿನ ಕೂದಲನ್ನೂ ಗಿಡ್ಡ ಮಾಡಿ ಬಯಲಿಗೆ ಸಾಧ್ಯವಾದಷ್ಟು ಮರ್ಯಾದೆ ತಂದಳು. ಅಪ್ಪ ಕರೆದುಕೊಂಡು ಹೋಗಲು ಬಂದಾಗ ಅಕ್ಕ ಮುಚ್ಚಿಡಲಿಲ್ಲ, ನಡೆದದ್ದನ್ನು ಹೇಳಿ ತಪ್ಪಾಯಿತೆಂದಳು. ಆತ ಮಗನ ತಲೆಯನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಬಲಕ್ಕೆ ತಿರುಗ್ವಾಗ ಇಂಡಿಕೇಟರ್ ಹಾಕ್ಲಿಲ್ವಾ ನೀನು?" ಎಂದು ಮಗನನ್ನು ಕೇಳಿದ.

ಅವರು ಹೋದ ಮೇಲೆ ಅಮ್ಮ ಮಡಚಿದ ಟವೆಲನ್ನೇ ಮತ್ತೆ ಮಡಚುತ್ತ ಕೂತಳು. ಅಕ್ಕ ಅಡ್ಡಹಲಗೆಯ ಮೇಲೆ ಕೂತು ತಂಗಿಗೆ ಎಲ್ಲವನ್ನೂ ಹೇಳಿದಳು: ಎಡ ತಿರುವು, ಬಲ ಕಿವಿ, ಸೇತುವೆ, ಮುಂಗೂದಲು, ಸುರಂಗ, ಕತ್ತು. ಹೇಳುವಾಗ ತಪ್ಪೊಪ್ಪಿಗೆಯಂತೆ ದನಿ ತಗ್ಗಿತ್ತು. ತಂಗಿ ಕಣ್ಣು ಕಣ್ಣು ಬಿಟ್ಟು ಕೇಳಿದಳು. ಮುಗಿದ ಮೇಲೆ ನೆಲದ ಮೇಲೆ, ಕೂದಲಿನ ರಾಶಿಯ ಪಕ್ಕದಲ್ಲೇ, ಕೂತುಬಿಟ್ಟಳು.

"ಅಂದ್ರೆ ಹನ್ನೊಂದು ವರ್ಷ ನೀನು ಕಟಿಂಗ್ ಮಾಡ್ಲಿಲ್ಲ ಕಣೇ ಅಕ್ಕ. ಡ್ರೈವಿಂಗ್ ಮಾಡಿದೀಯ."

"ನಗಬೇಡ. ನಾಳೆ ಹದಿನೇಳು ಮಕ್ಕಳು."

ತಂಗಿ ನಗುವುದನ್ನು ನಿಲ್ಲಿಸಲು ಪ್ರಯತ್ನಪಟ್ಟಳು. ಹೊಸ ದಾರಿಯನ್ನು ಒಂದು ತಿಂಗಳು ಕೇಳಿದರೆ ಅದೂ ಬಾಯಿಪಾಠವಾಗುತ್ತದೆ ಎಂದಳು. ಆ ತಿಂಗಳಲ್ಲಿ ಗುಂಡಿಯಗಲದ ಬಯಲು ಎಷ್ಟು ಎಂದು ಕೌಂಟರಿನಿಂದ ಅಮ್ಮ ಕೇಳಿದಳು. ಹಾಗಾದರೆ ನಾಳೆ ಮಕ್ಕಳನ್ನು ತಾನೇ ನೋಡಿಕೊಳ್ಳುತ್ತೇನೆ, ನೀನು ಮುಂದಿನ ಕುರ್ಚಿಗೆ ಬಾ, ದೊಡ್ಡವರ ತಲೆ ಎಲ್ಲಿಗೂ ಹೋಗುವುದಿಲ್ಲ ಎಂದಳು ತಂಗಿ. ಒಳ್ಳೆಯ ಮಾತನ್ನೇ ಆಡಿದ್ದಳು. ಆದರೆ ಒಂದು ದಿನ ಆ ಕುರ್ಚಿ ಬಿಟ್ಟರೆ ಮತ್ತೆ ಅದರ ಹತ್ತಿರ ಸುಳಿಯಲಾರೆ ಎಂದು ಅಕ್ಕನಿಗೆ ಖಚಿತವಾಗಿ ಗೊತ್ತಿತ್ತು. ಹೊಸ ಪೆಟ್ಟಿಗೆಯ ತಂತಿಗಳನ್ನು ಒಂದೊಂದಾಗಿ ಕಿತ್ತು, ಸುತ್ತಿ, ಡಬ್ಬಿಗೆ ಹಾಕಿದಳು. ನಾಳೆ ಕುರ್ಚಿ ತನ್ನದೇ ಎಂದಳು. ಹೇಗೆಂಬುದು ಅವಳಿಗೂ ಗೊತ್ತಿರಲಿಲ್ಲ.

ಭಾನುವಾರ ಒಂಬತ್ತಕ್ಕೆಲ್ಲ ಬೆಂಚು ತುಂಬಿತು, ಬೆಂಚಿನ ಮುಂದಿನ ನೆಲವೂ ತುಂಬಿತು. ಮಕ್ಕಳು ಕಪ್ಪು ಟೀವಿಯನ್ನು ನೋಡಿದವು, ಖಾಲಿ ಗೂಡನ್ನು ನೋಡಿದವು, ಒಂದನ್ನೊಂದು ನೋಡಿದವು. ಅಳುವುದಕ್ಕೆ ಯಾರು ಶುರು ಮಾಡಬೇಕೆಂದು ಮಾತಾಡಿಕೊಳ್ಳುತ್ತಿರುವಂತಿತ್ತು. ಮೊದಲ ಸರದಿ ಸೋಡಾಬುಡ್ಡಿಯದು. ಮೂರನೇ ತರಗತಿಯ, ತುಂಬ ಗಂಭೀರ ಸ್ವಭಾವದ ಹುಡುಗಿ. ಹಲಗೆ ಹತ್ತಿ ಕೂತು, ಎಂದಿನಂತೆ ದಪ್ಪ ಕನ್ನಡಕವನ್ನು ತೆಗೆದು ಅಕ್ಕನ ಕೈಗೆ ಕೊಟ್ಟಳು.

"ಇವತ್ತು ಗೇಮ್ ಇಲ್ಲ ಪುಟ್ಟಿ," ಅಂದಳು ಅಕ್ಕ. "ಕೆಟ್ಟೋಗಿದೆ."

"ಪರವಾಗಿಲ್ಲ. ಕನ್ನಡಕ ತೆಗೆದ್ರೆ ನಂಗೆ ಟೀವಿ ಹೇಗೂ ಕಾಣ್ತಿರ್ಲಿಲ್ಲ."

"ಮತ್ತೆ ಹೇಗೆ ಓಡಿಸ್ತಿದ್ದೆ?"

"ಕೇಳ್ತಿತ್ತಲ್ಲ."

ಅಕ್ಕ ಕನ್ನಡಕವನ್ನು ಕಿಟಕಿಯ ಅಂಚಿನಲ್ಲಿಟ್ಟು ಕತ್ತರಿ ಎತ್ತಿಕೊಂಡಳು. ನಾಲ್ಕು ವರ್ಷದಿಂದ ಈ ಹುಡುಗಿ ಮುಂದೆ, ತಾನು ಹಿಂದೆ, ಇಬ್ಬರೂ ಒಂದೇ ದಾರಿಯನ್ನು ಕಣ್ಣಿಲ್ಲದೆ ಓಡಿಸಿದ್ದರು. ಅವಳಿಗೆ ನಗು ಬಂತು. ನಗು ನುಂಗಿಕೊಳ್ಳಲು ಹೋಗಿ ಬಾಯಿಂದ ಬೇರೆಯದೇ ಹೊರಬಿತ್ತು.

"ಟುಂಯ್," ಅಂದಳು ಅಕ್ಕ. "ಟುಂಯ್. ಟೂಂ."

ಸೋಡಾಬುಡ್ಡಿ ಎಡಕ್ಕೆ ವಾಲಿದಳು. ಬಲ ಕಿವಿ ಮೇಲೆ ಬಂತು. ಕತ್ತರಿ ಅಲ್ಲಿತ್ತು.

ಮಾಡುವವರೆಗೂ ಅಕ್ಕನಿಗೆ ತನ್ನ ಗಂಟಲಲ್ಲಿ ಅಷ್ಟೆಲ್ಲ ಇದೆಯೆಂದು ಗೊತ್ತಿರಲಿಲ್ಲ. ಎಂಜಿನ್ನು ಏರುವುದು, ಇಳಿಯುವುದು, ಟೈರು ಕಿರ್ರೆನ್ನುವುದು, ಜಲ್ಲಿಕಲ್ಲು ಸಿಡಿಯುವುದು, ಹಿಂದಿನ ಕಾರಿನವನು ಹಾರ್ನು ಹೊಡೆಯುವುದು, ಎಲ್ಲ ಇದ್ದವು, ಇದ್ದ ಕ್ರಮದಲ್ಲೇ ಇದ್ದವು. ಸೇತುವೆಯ ಹೊತ್ತಿಗೆ ಬೆಂಚಿನವರು ಉಸಿರು ಬಿಗಿಹಿಡಿದಿದ್ದರು. ಸುರಂಗದಲ್ಲಿ ಅವಳು ದನಿಯನ್ನು ಹೊಟ್ಟೆಯ ತಳದಿಂದ ತೆಗೆದಳು. ಸೋಡಾಬುಡ್ಡಿಯ ಜೊತೆಗೆ ಹದಿನಾರು ಗದ್ದಗಳು ಹದಿನಾರು ಎದೆಗಳಿಗೆ ಅಂಟಿಕೊಂಡವು. ಎರಡನೇ ಸುತ್ತಿಗೆ ಬೆಂಚು ತಾನೇ ಉಳಿದ ಕಾರುಗಳಾಯಿತು. ಯಾರು ಯಾವ ಬಣ್ಣದ ಕಾರೆಂದು ಸಣ್ಣ ಜಗಳವಾಗಿ, ಕೆಂಪು ಕಾರು ಮೂರಾಯಿತು.

ಮೂರನೇ ತಲೆಯ ಹೊತ್ತಿಗೆ ಅಮ್ಮನಿಗೆ ತಡೆಯಲಾಗಲಿಲ್ಲ. ಸೇತುವೆ ಬಂದಾಗ ಎರಡು ಬಾಚಣಿಗೆ ಹಿಡಿದು ಕೌಂಟರಿನ ಮೇಲೆ ಕಟಕಟ ಹಲಗೆ ಬಾರಿಸತೊಡಗಿದಳು. ಕೊಂಚ ನಿಧಾನವಾಗಿತ್ತು, ಮಕ್ಕಳು ತಿದ್ದಿದರು. ತಂಗಿ ಮೊದಲು ಮೂಗು ಮುರಿದಳು. ಐದನೇ ತಲೆಗೆ, ಯಾರೂ ಕೇಳದಿದ್ದರೂ, ಸುರಂಗದ ಗಾಳಿಗೆಂದು ಹೇರ್ ಡ್ರೈಯರು ಹಾಕಿದಳು. ಅವಳ ಕುರ್ಚಿಯಲ್ಲಿ ತಲೆತುಂಬ ಬಣ್ಣ ಮೆತ್ತಿಸಿಕೊಂಡು, ಬೆಳ್ಳಿ ಹಾಳೆ ಸುತ್ತಿಸಿಕೊಂಡು ಕೂತಿದ್ದ ವಕೀಲೆಯೊಬ್ಬರಿದ್ದರು. ಕೋರ್ಟಿನಲ್ಲಿ ಅವರ ಹೆಸರೆತ್ತಿದರೆ ಎದುರಾಳಿಗಳು ರಾಜಿಗೆ ಬರುತ್ತಿದ್ದರಂತೆ. ಅವರು ಕೈಯಲ್ಲಿದ್ದ ಪತ್ರಿಕೆಯಿಂದ ಕಣ್ಣೆತ್ತದೆಯೇ ಎಡ ತಿರುವಿಗೆ ಎಡಕ್ಕೆ ವಾಲಿದರು, ಸುರಂಗಕ್ಕೆ ತಗ್ಗಿದರು.

ಎಂಟನೇ ತಲೆಯಲ್ಲಿ ಅಕ್ಕನಿಗೆ ಇನ್ನೊಂದು ವಿಷಯ ಹೊಳೆಯಿತು. ಪೆಟ್ಟಿಗೆಯಲ್ಲಾದರೆ ಸುರಂಗ ಬಂದಾಗ ಕತ್ತು. ಇಲ್ಲಿ ಕತ್ತು ಬೇಕಾದಾಗ ಸುರಂಗ. ಗುರುವಾರದ ಹುಡುಗಿಯ ತಮ್ಮ, ಬೇಕರಿಯವನ ಮಗನಿಗೆ, ಕೂದಲೆಂದರೆ ಪೊದೆ. ಮೂರು ಸುರಂಗಕ್ಕೆ ಬಗ್ಗುವಂಥದಲ್ಲ. ಅಕ್ಕ ಅವನನ್ನು ಸುರಂಗದೊಳಗೆ ಕರೆದುಕೊಂಡು ಹೋದವಳು ಹೊರಗೆ ಬಿಡಲೇ ಇಲ್ಲ.

"ಅಕ್ಕ, ಇಷ್ಟುದ್ದ ಸುರಂಗ ಅದ್ರಲ್ಲಿ ಇಲ್ಲ," ಎಂದು ಅವನು ಎದೆಯೊಳಗಿಂದಲೇ ತಕರಾರು ತೆಗೆದ.

"ರಸ್ತೆ ಅಗಲ ಮಾಡ್ತಿದಾರೆ. ತಲೆ ಎತ್ತಬೇಡ, ಕಲ್ಲು ಬೀಳತ್ತೆ."

ಅವನ ಸುರಂಗದ ನಡುವೆಯೇ ಕೌಂಟರಿನ ಫೋನು ರಿಂಗಾಯಿತು. ತಂಗಿ ಎತ್ತಿ, ಅಕ್ಕನ ಕಿವಿಗೆ ಹಿಡಿದಳು. ಹೊಸದುತಗೋ. ಆ ಭಾಗ ಸಿಕ್ಕಿದೆ, ಹೇಳಿದಂತೆ ಹೊಸದರಷ್ಟೇ ಬೀಳುತ್ತದೆ, ಹಾಕಲೋ ಬೇಡವೋ ಈಗಲೇ ಹೇಳಬೇಕು ಎಂದ.

"ಆಮೇಲೆ ಮಾಡ್ತೀನಿ," ಅಂದಳು ಅಕ್ಕ. "ಸುರಂಗದಲ್ಲಿದೀನಿ."

ಫೋನು ಹಿಡಿದಿದ್ದ ತಂಗಿ ನಕ್ಕು ನಕ್ಕು ಗೋಡೆಗೆ ಒರಗಿದಳು. ವಕೀಲೆಯವರೂ ನಕ್ಕರು. ಬೆಳ್ಳಿ ಹಾಳೆಗಳೆಲ್ಲ ಝಲ್ಲೆಂದವು. ಬೇಕರಿಯವನ ಮಗ ಹೊರಗೇನಾಯಿತೆಂದು ಕೇಳಿದ. ಏನಿಲ್ಲ, ಲಾರಿ ಕೆಟ್ಟು ನಿಂತಿದೆ, ಇನ್ನೂ ಐದು ನಿಮಿಷ ಎಂದು ಹೇಳಿ ಅಕ್ಕ ಕತ್ತಿನ ಎಡಭಾಗವನ್ನೂ ಮುಗಿಸಿಕೊಂಡಳು.

ಹದಿನೇಳನೇ ತಲೆ ಕೆಳಗಿಳಿದಾಗ ನಾಲ್ಕೂವರೆ. ಪಂದ್ಯದಲ್ಲಿ ಯಾರು ಗೆದ್ದರೆಂಬ ವಿಷಯದಲ್ಲಿ ಬೀದಿಯುದ್ದಕ್ಕೂ ವಾದ ನಡೆಯುತ್ತಿತ್ತು. ಲೆಕ್ಕ ಹಾಕಿದರೆ ಮೊದಲ ಸ್ಥಾನ ಬಂದವರೇ ಹನ್ನೆರಡು ಜನ. ನೆಲದ ಮೇಲೆ ಕೂದಲು ಪಾದ ಮುಚ್ಚುವಷ್ಟು ಬಿದ್ದಿತ್ತು. ಒಂದು ತಲೆಯಲ್ಲೂ ಬಯಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಗಂಟಲು ಪೂರ್ತಿ ಕೂತುಹೋಗಿತ್ತು. ಬಿಸಿನೀರು ಕುಡಿದಳು, ಶಾಲು ಸುತ್ತಿಕೊಂಡಳು, ಪ್ರಯೋಜನವಾಗಲಿಲ್ಲ. ಅವಳ ಬದಲಿಗೆ ತಂಗಿ ತಾನೇ ಎಂಜಿನ್ನಿನ ಸದ್ದು ಮಾಡಿ ತೋರಿಸಿದಳು. ಅದು ಮಿಕ್ಸಿಯಂತೆ ಕೇಳಿಸುತ್ತದೆಂದು ಅಮ್ಮ ಹೇಳಿದ್ದರಿಂದ ಮುಖ ಊದಿಸಿಕೊಂಡಳು. ಹೊಸ ಪೆಟ್ಟಿಗೆಯನ್ನು ಅಂಗಡಿಗೆ ಹಿಂದಿರುಗಿಸಿ ಬಂದ ಮೇಲೆ ಅವಳು ಬೇಸಿನ್ನಿನ ಮಾತೆತ್ತಲಿಲ್ಲ. ಎತ್ತುವುದಿಲ್ಲವೆಂದೇನೂ ಅಲ್ಲ, ತಿಂಗಳು ಇನ್ನೂ ಮುಗಿದಿರಲಿಲ್ಲ.

ಹನ್ನೊಂದರ ಹೊತ್ತಿಗೆ ಹೊಸದುತಗೋ ತಾನೇ ರಸ್ತೆ ದಾಟಿ ಬಂದ. ಫೋನಿನಲ್ಲಿ ಸುರಂಗವೆಂದದ್ದು ಅವನಿಗೆ ರಾತ್ರಿಯೆಲ್ಲ ಕೊರೆದಿತ್ತು. ಈ ಸುತ್ತಮುತ್ತ ಎಲ್ಲಿ ಸುರಂಗವಿದೆ ಎಂದು ಕೇಳಿದ. ಅಮ್ಮ ವಿವರಿಸಿದಳು. ಅವನು ಅಡ್ಡಹಲಗೆಯನ್ನು ನೋಡಿದ, ಶಾಲು ಸುತ್ತಿಕೊಂಡ ಅಕ್ಕನನ್ನು ನೋಡಿದ. ಹಾಗಾದರೆ ಪೆಟ್ಟಿಗೆಯ ಅಗತ್ಯವೇ ಇಲ್ಲವಲ್ಲ, ಹಳೆಯದೂ ಬೇಡ ಹೊಸದೂ ಬೇಡ ಎಂದ. ತನ್ನ ವೃತ್ತಿಜೀವನದಲ್ಲಿ ಇಂಥ ಗಿರಾಕಿ ಸಿಕ್ಕಿಲ್ಲವೆಂಬಂತೆ ಅವನ ಮುಖ ಅರಳಿತು.

ಅಕ್ಕ ಹಾಗಲ್ಲವೆಂದು ತಲೆಯಾಡಿಸಿ, ಕೌಂಟರಿನ ಚೀಟಿ ಎಳೆದುಕೊಂಡು ಬರೆದಳು: ‘ಹಳೆಯದನ್ನೇ ಸರಿಮಾಡಿ. ಗಾಳಿ ಹೋಗುವ ಕಡೆ ಜಾಲರಿ ಹಾಕಿ. ಗಂಟಲು ಕೂತ ದಿನ ನನ್ನ ಬದಲು ಕೆಲಸಕ್ಕೆ ಒಬ್ಬರು ಬೇಕು.’ ಸ್ವಲ್ಪ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಅವಸರವಿಲ್ಲ.’

ಅವನು ಚೀಟಿಯನ್ನು ಎರಡು ಸಲ ಓದಿದ. ಕೊನೆಯ ಸಾಲನ್ನು ಮೂರು ಸಲ.

ಅವನಿನ್ನೂ ಅಲ್ಲಿರುವಾಗಲೇ ಬಾಗಿಲಲ್ಲಿ ಒಬ್ಬ ತಾಯಿ ಕಾಣಿಸಿಕೊಂಡಳು. ಬೀದಿಗೆ ಹೊಸಬಳು. ಕಂಕುಳಲ್ಲಿ ಎರಡು ವರ್ಷದ ಕೂಸು. ಕಣ್ಣು ಮುಚ್ಚುವಷ್ಟು ಕೂದಲು, ಈಗಲೋ ಆಗಲೋ ಅಳಲು ಸಿದ್ಧವಾದ ಬಾಯಿ. ಟೀವಿಯಾಗಲಿ, ಬೆಟ್ಟವಾಗಲಿ, ತಿರುವಾಗಲಿ ಅದಕ್ಕೇನು ಗೊತ್ತು. ತಂಗಿ ಅಕ್ಕನ ಮುಖ ನೋಡಿ, ತಾನು ಬರಲೇ ಎಂದು ಕಣ್ಣಲ್ಲೇ ಕೇಳಿದಳು. ಅಕ್ಕ ಆಗಲೇ ಪುಟ್ಟ ಬಟ್ಟೆ ಕೊಡವಿ ಹೊದಿಸುತ್ತಿದ್ದಳು.

ಕೂಸು ಬಲಕ್ಕೆ ತಿರುಗಿ ತಾಯಿಯನ್ನು ನೋಡಿತು. ಎಡಕ್ಕೆ ತಿರುಗಿ ನೊಣವನ್ನು ನೋಡಿತು. ತನ್ನ ಕಾಲಿದೆಯೋ ಎಂದು ಬಗ್ಗಿ ನೋಡಿತು. ಹಿಂದಕ್ಕೆ ಬಾಗಿ, ತಲೆಕೆಳಗಾಗಿ, ಅಕ್ಕನ ಮುಖವನ್ನೇ ನೋಡಿತು, ನಕ್ಕಿತು. ಯಾವುದಕ್ಕೂ ಕ್ರಮವಿರಲಿಲ್ಲ. ಅಕ್ಕನ ಬಾಯಲ್ಲಿ ಸದ್ದಿರಲಿಲ್ಲ. ಕತ್ತರಿ ಮಾತ್ರ ಕೂಸಿನ ತಲೆ ಹೋದಲ್ಲಿಗೆ ಹೋಗಿ, ಬಂದಲ್ಲಿಗೆ ಬಂದು, ತನ್ನ ಪಾಡಿಗೆ ಕಚಕಚ ಎನ್ನುತ್ತಿತ್ತು. ಅಮ್ಮ ಟವೆಲು ಮಡಚುವುದನ್ನು ನಿಲ್ಲಿಸಿದ್ದಳು. ಹೊಸದುತಗೋ ಹೋಗುವುದನ್ನು ಮರೆತಿದ್ದ.

ತಾಯಿ ಕೈಚಾಚಿ ಕೂಸನ್ನು ಎತ್ತಿಕೊಂಡಾಗಲೇ ಅಕ್ಕನಿಗೆ ಮುಗಿದದ್ದು ಗೊತ್ತಾದದ್ದು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಬೆಳಕಿಗೆ ಬಂದ ಆ ಎರಡು ಪುಟ್ಟ ಕಿವಿಗಳನ್ನು ನೋಡಿ, ದನಿಯಿಲ್ಲದೆ, ಮೈಯೆಲ್ಲ ಕುಲುಕಿಸಿಕೊಂಡು ನಗತೊಡಗಿದಳು.